ವಂಶಾನುಗತ ಹೃದ್ರೋಗದ ಕಾರಣಶೋಧನೆಯ ಚರಿತ್ರೆ

ಪೀಠಿಕೆ

ಮನುಷ್ಯನು ತನ್ನ ಹಿರಿಯರಿಂದ ಪಡೆಯುವ ಆಸ್ತಿಯು ಹೊಲಮನೆಗಳಲ್ಲಿಯೇ ಮುಗಿದುಹೋಗುವುದಿಲ್ಲ. ಮುಖದ ಚಹರೆ, ಮೈಯ ಬಣ್ಣ, ದನಿಯ ರೀತಿ ಇವುಗಳ ಜತೆಯಲ್ಲಿ ಕೆಲವು ರೋಗಗಳೂ ತಂದೆತಾಯಿಗಳ ಬೀಜದ ಮೂಲಕವಾಗಿ ಮಕ್ಕಳನ್ನು ಬಂದು ಸೇರುತ್ತವೆ. ಸುಶ್ರುತಾಚಾರ್ಯರು ವ್ಯಾಧಿಗಳನ್ನು ಏಳು ಬಗೆಯಾಗಿ ವಿಂಗಡಿಸುವಾಗ ಶುಕ್ರಶೋಣಿತಗಳ ದೋಷದಿಂದ ಹುಟ್ಟುವವುಗಳಿಗೆ ಆದಿಬಲಪ್ರವೃತ್ತಗಳೆಂದು ಹೆಸರಿಟ್ಟು, ಅವುಗಳನ್ನೇ ಮೊದಲನೆಯದಾಗಿ ಎಣಿಸಿದ್ದಾರೆ. ಆದರೆ ಆ ದೋಷವು ಬೀಜದ ಯಾವ ಭಾಗದಲ್ಲಿ ನೆಲೆಸಿರುವುದು, ಯಾವ ಕ್ರಮದಿಂದ ಶರೀರವನ್ನು ಕೆಡಿಸುವುದು, ಅದನ್ನು ತಡೆಯಲು ಸಾಧ್ಯವೋ ಅಸಾಧ್ಯವೋ ಎಂಬ ಪ್ರಶ್ನೆಗಳಿಗೆ ನಿಶ್ಚಿತವಾದ ಉತ್ತರವು ದೊರೆಯಲು ಬಹುಕಾಲ ಹಿಡಿಯಿತು.

ಹೃದಯದ ರೋಗದ ವಿಷಯದಲ್ಲಿ ಈ ಉತ್ತರವನ್ನು ದೊರಕಿಸಿಕೊಟ್ಟವರಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದ ಡಲ್ಲಾಸ್ ನಗರದ ವೈದ್ಯಪಂಡಿತರಾದ ಮೈಕೇಲ್ ಬ್ರೌನ್, ಜೋಸೆಫ್ ಗೋಲ್ಡ್‌ಸ್ಟೈನ್ ಇವರೀರ್ವರೂ, ಅವರ ಬಳಿಯಲ್ಲಿ ಶಿಕ್ಷಣ ಪಡೆದ ಹೆಲೆನ್ ಹಾಬ್ಸ್‌ರವರೂ ಅಗ್ರಗಣ್ಯರು. ವಂಶದಿಂದ ಬಂದುದು ತಪ್ಪಿಸಲಾಗದು ಎಂಬ ಜನಜನಿತವಾದ ಮಾತೇ ಇಲ್ಲಿ ಪೂರ್ವಪಕ್ಷ. ಈ ಪೂರ್ವಪಕ್ಷವು ಪರೀಕ್ಷೆಯ ಮುಂದೆ ಎಷ್ಟರಮಟ್ಟಿಗೆ ನಿಂತಿತು, ಎಲ್ಲಿ ಮುರಿದುಬಿದ್ದಿತು ಎಂಬುದೇ ಈ ಚರಿತ್ರೆಯ ಸಾರ.

ಪೂರ್ವವೃತ್ತಾಂತ

ಕೊಲೆಸ್ಟೆರಾಲ್ ಎಂಬುದು ಮೇದಸ್ಸಿನ ಜಾತಿಗೆ ಸೇರಿದ, ಮೇಣದಂತಹ ಒಂದು ಪದಾರ್ಥ. ಇದು ಮೊದಲು ಮನುಷ್ಯರ ಪಿತ್ತಕೋಶದ ಕಲ್ಲುಗಳಲ್ಲಿ ಕಂಡುಬಂದಿತು. ಗ್ರೀಕ್ ಭಾಷೆಯಲ್ಲಿ ಪಿತ್ತವೆಂದೂ ಘನವೆಂದೂ ಅರ್ಥ ಕೊಡುವ ಎರಡು ಶಬ್ದಗಳನ್ನು ಕೂಡಿಸಿ ಫ್ರಾನ್ಸ್ ದೇಶದ ರಸಾಯನಶಾಸ್ತ್ರಜ್ಞ ಶೆವ್ರೆಲ್‌ರವರು ಇದಕ್ಕೆ ಹೆಸರಿಟ್ಟರು. ಇದು ಸ್ವಭಾವತಃ ವಿಷವಲ್ಲ. ಪ್ರತಿಯೊಂದು ಜೀವಕೋಶದ ಹೊರಪೊರೆಗೂ ಇದು ಬೇಕು. ಪಿತ್ತರಸವೂ ಶರೀರದ ಅನೇಕ ಅಂತಃಸ್ರಾವಗಳೂ ಇದರಿಂದಲೇ ಹುಟ್ಟುತ್ತವೆ. ಆಹಾರದಿಂದ ಬರುವುದು ಸಾಲದಾದರೆ ಶರೀರವು ತಾನೇ ಇದನ್ನು ತಯಾರಿಸಿಕೊಳ್ಳುತ್ತದೆ. ಅತಿಯಾದಾಗ ಮಾತ್ರ ಅಮೃತವೂ ವಿಷವಾಗುವ ನ್ಯಾಯವು ಇದಕ್ಕೂ ಸಲ್ಲುತ್ತದೆ.

1910ನೆಯ ಇಸವಿಯಲ್ಲಿ ಜರ್ಮನಿಯ ವಿಂಡೌಸ್‌ರವರು, ರೋಗದಿಂದ ಗಡುಸಾದ ಮಹಾಧಮನಿಯಲ್ಲಿ ಆರೋಗ್ಯವಂತರ ಧಮನಿಗಿಂತ ಇಪ್ಪತ್ತು ಪಾಲಿಗೂ ಹೆಚ್ಚಾದ ಕೊಲೆಸ್ಟೆರಾಲ್ ಇರುವುದನ್ನು ತೋರಿಸಿದರು. 1913ರಲ್ಲಿ ರಷ್ಯಾ ದೇಶದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಅನಿಚ್ಕೋವ್‌ರವರು ಶುದ್ಧವಾದ ಕೊಲೆಸ್ಟೆರಾಲನ್ನು ಸೂರ್ಯಕಾಂತಿಯ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ತಿನ್ನಿಸಲು, ಅವುಗಳ ಧಮನಿಗಳಲ್ಲಿ ಮನುಷ್ಯರ ರೋಗವನ್ನೇ ಹೋಲುವ ವಿಕಾರವು ಉಂಟಾಯಿತು. ಆದರೆ ಇತರರು ಇದೇ ಪರೀಕ್ಷೆಯನ್ನು ಇಲಿಗಳ ಮೇಲೆಯೂ ನಾಯಿಗಳ ಮೇಲೆಯೂ ಮಾಡಿದಾಗ ಅಂತಹ ಫಲವು ಕಾಣಲಿಲ್ಲ. ಅವುಗಳ ಶರೀರವು ಹೆಚ್ಚಾದ ಕೊಲೆಸ್ಟೆರಾಲನ್ನು ಸುಲಭವಾಗಿ ಹೊರಹಾಕಿಬಿಡುವುದೇ ಇದಕ್ಕೆ ಕಾರಣ. ಈ ಭೇದವನ್ನು ಅರಿಯದೆ ಬಹುಮಂದಿ ವೈದ್ಯರು ಅನಿಚ್ಕೋವ್‌ರವರ ಮಾತನ್ನು ಮೊಲಗಳಿಗಷ್ಟೇ ಅನ್ವಯಿಸುವುದೆಂದು ತಳ್ಳಿಹಾಕಿದರು.

ಮನುಷ್ಯರಲ್ಲಿ ಇದರ ಸಾಕ್ಷ್ಯವು ಒದಗಿದುದು ನಾರ್ವೆ ದೇಶದಿಂದ. ಓಸ್ಲೋ ನಗರದ ವೈದ್ಯರಾದ ಕಾರ್ಲ್ ಮ್ಯೂಲರ್‌ರವರು 1938 ಮತ್ತು 1939ನೆಯ ಇಸವಿಗಳಲ್ಲಿ ಹದಿನೇಳು ಕುಟುಂಬಗಳ ವೃತ್ತಾಂತವನ್ನು ಪ್ರಕಟಿಸಿದರು. ಈ ಕುಟುಂಬಗಳ ಜನರಿಗೆ ಹಿಮ್ಮಡಿಯ ಮೇಲಿನ ನರದಲ್ಲಿಯೂ ಕೈಗಳ ಗೆಣ್ಣುಗಳ ಮೇಲೆಯೂ ಹಳದಿಯ ಗಂಟುಗಳಿದ್ದುವು. ರಕ್ತದಲ್ಲಿ ಕೊಲೆಸ್ಟೆರಾಲ್ ಮಿತಿಮೀರಿದ್ದಿತು. ಎದೆನೋವು ಚಿಕ್ಕ ವಯಸ್ಸಿನಲ್ಲಿಯೇ ಬರುತ್ತಿದ್ದಿತು. ಈ ಮೂರು ಲಕ್ಷಣಗಳಿಗೂ ಮೂಲವೊಂದೇ, ಅದು ಒಂದು ತಲೆಯಿಂದ ಇನ್ನೊಂದು ತಲೆಗೆ ಇಳಿದುಬರುವ ಬೀಜದೋಷವೆಂದು ಮ್ಯೂಲರ್‌ರವರು ನಿರ್ಣಯಿಸಿದರು.

ತರುವಾಯ 1964ರಲ್ಲಿ ಲೆಬನಾನ್ ದೇಶದ ಬೈರೂತ್ ನಗರದ ಅವೆಡಿಸ್ ಖಚದೂರಿಯನ್‌ರವರು ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದರು. ರಕ್ತಸಂಬಂಧದಲ್ಲಿಯೇ ವಿವಾಹವಾಗುತ್ತಿದ್ದ ಕುಟುಂಬಗಳನ್ನು ಅವರು ಪರೀಕ್ಷಿಸಿದಾಗ, ದೋಷವನ್ನು ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಪಡೆದವರಿಗೂ ಇಬ್ಬರಿಂದಲೂ ಪಡೆದವರಿಗೂ ಇರುವ ಅಂತರವು ಸ್ಪಷ್ಟವಾಯಿತು. ಒಬ್ಬರಿಂದ ಪಡೆದವರ ರಕ್ತದಲ್ಲಿ ಕೊಲೆಸ್ಟೆರಾಲ್ ಸಾಧಾರಣಕ್ಕಿಂತ ಸುಮಾರು ಎರಡು ಪಾಲು; ಅವರಿಗೆ ಮೂವತ್ತು ನಾಲ್ವತ್ತರ ವಯಸ್ಸಿನಿಂದ ಹೃದಯಾಘಾತದ ಭಯ. ಇಬ್ಬರಿಂದಲೂ ಪಡೆದ ಮಕ್ಕಳ ರಕ್ತದಲ್ಲಿಯಾದರೋ ಅದು ನಾಲ್ಕೈದು ಪಾಲಿಗೆ ಏರಿ, ಹಲವರಲ್ಲಿ ಒಂದು ಡೆಸಿಲೀಟರಿಗೆ 600ರಿಂದ 1000 ಮಿಲಿಗ್ರಾಮುಗಳವರೆಗೂ ಮುಟ್ಟುತ್ತಿದ್ದಿತು. ಆಡಿ ಬೆಳೆಯಬೇಕಾದ ಈ ಕೂಸುಗಳು ವೃದ್ಧರ ರೋಗದಿಂದ ಇಪ್ಪತ್ತು ತುಂಬುವುದಕ್ಕೆ ಮೊದಲೇ ಪ್ರಾಣಬಿಡುತ್ತಿದ್ದುವು. ರೋಗವು ಬಂದ ದಾರಿಯು ಹೀಗೆ ತಿಳಿದುಬಂದರೂ ಅದು ಕೆಲಸ ಮಾಡುವ ರೀತಿಯು ಯಾರಿಗೂ ತಿಳಿಯದಾಗಿದ್ದಿತು.

ಇಬ್ಬರು ವೈದ್ಯರ ಸಮಾಗಮ

ಗೋಲ್ಡ್‌ಸ್ಟೈನ್‌ರವರು 1940ರಲ್ಲಿ ದಕ್ಷಿಣ ಕೆರೊಲಿನಾ ಪ್ರಾಂತದಲ್ಲಿಯೂ, ಬ್ರೌನ್‌ರವರು 1941ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿಯೂ ಜನಿಸಿದರು. ಒಬ್ಬರ ತಂದೆತಾಯಿಗಳು ಸಣ್ಣ ಊರಿನಲ್ಲಿ ಬಟ್ಟೆಯಂಗಡಿ ಇಟ್ಟವರು. ಮತ್ತೊಬ್ಬರ ತಂದೆಯೂ ಜವಳಿಯ ಮಾರಾಟದಲ್ಲಿದ್ದವರೇ. 1966ರಲ್ಲಿ ಬಾಸ್ಟನ್ ನಗರದ ಮ್ಯಾಸಚುಸೆಟ್ಸ್ ಆಸ್ಪತ್ರೆಯಲ್ಲಿ ತರುಣವೈದ್ಯರಾಗಿ ಕೆಲಸಕ್ಕೆ ಸೇರಿದಾಗ ಇವರಿಗೆ ಪರಸ್ಪರ ಸ್ನೇಹ ಬೆಳೆಯಿತು. 1968ರಲ್ಲಿ ಇಬ್ಬರೂ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯಸಂಸ್ಥೆಗೆ ಹೋದರು. ಅಲ್ಲಿ ಬ್ರೌನ್‌ರವರು ಅರ್ಲ್ ಸ್ಟಾಟ್‌ಮನ್‌ರವರ ಬಳಿಯಲ್ಲಿ ಕಿಣ್ವಗಳ ಶಾಸ್ತ್ರವನ್ನೂ, ಗೋಲ್ಡ್‌ಸ್ಟೈನ್‌ರವರು ಮಾರ್ಷಲ್ ನಿರೆನ್‌ಬರ್ಗ್‌ರವರ ಬಳಿಯಲ್ಲಿ ವಂಶವಾಹಿಗಳ ಲಿಪಿಯ ಶಾಸ್ತ್ರವನ್ನೂ ಅಭ್ಯಾಸಮಾಡಿದರು. ಅದೇ ಸಂಸ್ಥೆಯ ಆಸ್ಪತ್ರೆಯಲ್ಲಿ, ಇಬ್ಬರು ಹೆತ್ತವರಿಂದಲೂ ದೋಷವನ್ನು ಪಡೆದ ಮಕ್ಕಳನ್ನು ಕಾಣುವ ಪ್ರಸಂಗವು ಒದಗಿತು. ಈ ಮಕ್ಕಳ ಅವಸ್ಥೆಯು ಅವರ ಮನಸ್ಸನ್ನು ಬಿಡಲಿಲ್ಲ. ಶರೀರದಲ್ಲಿ ಕೊಲೆಸ್ಟೆರಾಲಿಗೆ ಒಂದು ಕಡಿವಾಣವಿರಲೇಬೇಕು, ಈ ಮಕ್ಕಳಲ್ಲಿ ಅದೇ ಹರಿದಿರಬೇಕು ಎಂದು ಅವರು ಊಹಿಸಿದರು.

1971ರಲ್ಲಿ ಬ್ರೌನ್‌ರವರು ಡಲ್ಲಾಸಿನ ಟೆಕ್ಸಸ್ ವಿಶ್ವವಿದ್ಯಾಲಯದ ವೈದ್ಯಶಾಲೆಯನ್ನು ಸೇರಿದರು. ಗೋಲ್ಡ್‌ಸ್ಟೈನ್‌ರವರು ಅಷ್ಟರಲ್ಲಿ ಸಿಯಾಟಲ್ ನಗರದ ಆರ್ನೋ ಮೊಟುಲ್ಸ್‌ಕಿಯವರೊಡನೆ, ಹೃದಯಾಘಾತವಾಗಿ ಬದುಕಿ ಉಳಿದ 500 ಮಂದಿಯನ್ನೂ ಅವರ ಬಂಧುಗಳನ್ನೂ ಪರೀಕ್ಷಿಸುತ್ತಿದ್ದರು. ಅರುವತ್ತರ ಒಳಗಿನ ವಯಸ್ಸಿನಲ್ಲಿಯೇ ಆಘಾತಕ್ಕೆ ಗುರಿಯಾದವರಲ್ಲಿ ಸುಮಾರು ಐವರಿಗೊಬ್ಬರಂತೆ ರಕ್ತದ ಮೇದೋವಿಕಾರವನ್ನು ವಂಶದಿಂದ ಪಡೆದವರೆಂಬುದು ಆ ಪರೀಕ್ಷೆಯಿಂದ ಹೊರಬಿದ್ದಿತು. 1972ರಲ್ಲಿ ಅವರೂ ಡಲ್ಲಾಸಿಗೆ ಬಂದರು. ಅಲ್ಲಿಂದ ಮುಂದೆ ಇವರಿಬ್ಬರ ಕೆಲಸವೂ ಲೇಖನಗಳೂ ಒಂದೇ ಹೆಸರಿನಂತೆ ಕೂಡಿಕೊಂಡು ನಡೆದುವು.

ಚರ್ಮದ ಜೀವಕೋಶಗಳ ಪರೀಕ್ಷೆ

ಶರೀರದೊಳಗೆ ಕೊಲೆಸ್ಟೆರಾಲ್ ತಯಾರಾಗುವ ಕ್ರಮದಲ್ಲಿ ಎಚ್‌ಎಂಜಿ ಕೋಎ ರಿಡಕ್ಟೇಸ್ ಎಂಬ ಕಿಣ್ವವು ಮುಖ್ಯವಾದುದು. ಇದು ಚುರುಕಾದರೆ ಉತ್ಪತ್ತಿ ಹೆಚ್ಚು, ಮಂದವಾದರೆ ಕಡಿಮೆ. ಆದುದರಿಂದ ಈ ಕಿಣ್ವವೇ ಕೆಟ್ಟು ಅಂಕೆಗೆ ಸಿಕ್ಕದಂತಾಗಿರಬೇಕೆಂದು ಇಬ್ಬರೂ ಮೊದಲು ಭಾವಿಸಿದರು. ಯಕೃತ್ತಿನ ತುಂಡುಗಳನ್ನು ರೋಗಿಗಳಿಂದ ಕತ್ತರಿಸಿ ತೆಗೆಯುವುದು ಸುಲಭವಲ್ಲವಾದ್ದರಿಂದ, ಚರ್ಮದ ಚಿಕ್ಕ ಚೂರಿನಿಂದ ಜೀವಕೋಶಗಳನ್ನು ತೆಗೆದು ಗಾಜಿನ ಪಾತ್ರೆಗಳಲ್ಲಿ ಬೆಳೆಯಿಸುವ ಉಪಾಯವನ್ನು ಹಿಡಿದರು.

ರಕ್ತದಲ್ಲಿ ಕೊಲೆಸ್ಟೆರಾಲ್ ಒಂಟಿಯಾಗಿ ಸಂಚರಿಸುವುದಿಲ್ಲ. ಪ್ರೋಟೀನಿನ ಹೊದಿಕೆಯುಳ್ಳ ಚಿಕ್ಕ ಗೋಲಗಳಲ್ಲಿ ಅದು ತುಂಬಿರುತ್ತದೆ. ಇವುಗಳಲ್ಲಿ ಎಲ್‌ಡಿಎಲ್ ಎಂಬ ಜಾತಿಯ ಒಂದೊಂದು ಗೋಲವೂ ಕೊಲೆಸ್ಟೆರಾಲಿನ ಸುಮಾರು 1500 ಅಣುಗಳನ್ನು ತನ್ನ ಗರ್ಭದಲ್ಲಿ ಹೊತ್ತಿರುತ್ತದೆ. ಆರೋಗ್ಯವಂತರ ಜೀವಕೋಶಗಳಿಗೆ ಎಲ್‌ಡಿಎಲ್ ದೊರೆಯದಂತೆ ಮಾಡಿದಾಗ ಕಿಣ್ವವು ಹಲವು ಪಾಲು ಚುರುಕಾಯಿತು. ಎಲ್‌ಡಿಎಲ್ ಕೊಟ್ಟೊಡನೆ ಮಂದವಾಯಿತು. ಹೊರಗಿನಿಂದ ಬಂದಾಗ ಒಳಗಿನ ತಯಾರಿಕೆಯನ್ನು ನಿಲ್ಲಿಸುವುದು ಜೀವಕೋಶದ ಮಿತವ್ಯಯವೆಂದು ಇದರಿಂದ ತಿಳಿದುಬಂದಿತು. ರೋಗಿಗಳಾದ ಮಕ್ಕಳ ಜೀವಕೋಶಗಳಲ್ಲಿಯಾದರೋ ಎಲ್‌ಡಿಎಲ್ ಸುರಿದರೂ ಕಿಣ್ವವು ಜಗ್ಗಲಿಲ್ಲ. ಅದರ ವೇಗವು ಇತರರದಕ್ಕಿಂತ 40ರಿಂದ 60 ಪಾಲು ಹೆಚ್ಚಾಗಿದ್ದಿತು.

ಇಲ್ಲಿಯವರೆಗೆ ನೋಡಿದರೆ ಕಿಣ್ವವೇ ದೋಷಿಯೆಂಬ ಊಹೆಯು ಸಿದ್ಧವಾದಂತೆ ತೋರುತ್ತದೆ. ಆದರೆ ಅವರು ಅಲ್ಲಿಗೆ ನಿಲ್ಲದೆ ಇನ್ನೊಂದು ಪರೀಕ್ಷೆ ಮಾಡಿದರು. ಕೊಲೆಸ್ಟೆರಾಲನ್ನು ಗೋಲದಿಂದ ಬಿಡಿಸಿ ಆಲ್ಕೋಹಾಲಿನಲ್ಲಿ ಕರಗಿಸಿ ನೇರವಾಗಿ ಜೀವಕೋಶದೊಳಕ್ಕೆ ಇಳಿಯುವಂತೆ ಮಾಡಲು, ರೋಗಿಗಳ ಕಿಣ್ವವೂ ಆರೋಗ್ಯವಂತರದರಂತೆಯೇ ಒಡನೆ ಮಂದವಾಯಿತು! ಕಿಣ್ವದಲ್ಲಿ ಯಾವ ದೋಷವೂ ಇಲ್ಲ, ಒಳಕ್ಕೆ ಬಂದ ಕೊಲೆಸ್ಟೆರಾಲಿನ ಆಜ್ಞೆಗೆ ಅದು ಮಣಿಯುತ್ತದೆ. ಆದರೆ ಗೋಲವು ಒಳಕ್ಕೆ ಬರುವ ಬಾಗಿಲೇ ಇಲ್ಲ ಎಂಬುದು ಇದರಿಂದ ಸಿದ್ಧವಾಯಿತು. ಧಾನ್ಯದ ಗಾಡಿಗಳು ಬೀದಿಯ ತುಂಬ ನಿಂತಿವೆ, ಮನೆಗೆ ಬಾಗಿಲಿಲ್ಲ, ಒಳಗಿನವರು ಹೊರಗಿನ ಸಮೃದ್ಧಿಯನ್ನು ತಿಳಿಯದೆ ತಮ್ಮ ಮನೆಯಲ್ಲಿ ಬರವೆಂದು ಹಗಲಿರುಳು ದುಡಿಯುತ್ತಿದ್ದಾರೆ. ರಕ್ತವೆಂಬ ಬೀದಿಯಲ್ಲಿ ಹೀಗೆ ಕೊಳೆತು ನಿಂತ ಸರಕೇ ಧಮನಿಯ ಗೋಡೆಗಳಿಗೆ ಅಂಟಿ ಹೃದಯಕ್ಕೆ ಮೃತ್ಯುವಾಗುತ್ತದೆ.

ತರುವಾಯ ಎಲ್‌ಡಿಎಲ್ ಗೋಲಗಳಿಗೆ ವಿಕಿರಣಶೀಲ ಅಯೋಡಿನ್ನಿನ ಗುರುತು ಹಚ್ಚಿ ನೋಡಲಾಗಿ, ಆರೋಗ್ಯವಂತರ ಜೀವಕೋಶಗಳು ಅವುಗಳನ್ನು ಬಿಗಿಯಾಗಿ ಹಿಡಿದುಕೊಂಡುವು. ಒಂದು ಕಡೆಯಿಂದ ದೋಷ ಪಡೆದವರ ಜೀವಕೋಶಗಳು ಅರ್ಧದಷ್ಟನ್ನು ಹಿಡಿದುವು. ಎರಡೂ ಕಡೆಯಿಂದ ಪಡೆದವರವು ಹಿಡಿಯಲೇ ಇಲ್ಲ. ಗೋಲವನ್ನು ಹಿಡಿಯುವ ಈ ಅಂಗಕ್ಕೆ ಎಲ್‌ಡಿಎಲ್ ಗ್ರಾಹಕವೆಂದು ಹೆಸರಾಯಿತು. 1973 ಮತ್ತು 1974ರಲ್ಲಿ ಪ್ರಕಟವಾದ ಈ ಶೋಧನೆಯಿಂದ, ಹೃದ್ರೋಗವನ್ನುಂಟುಮಾಡುವ ಒಂದು ವಂಶದೋಷದ ನೆಲೆಯು ಪ್ರತ್ಯಕ್ಷಪ್ರಮಾಣದಿಂದ ಗೊತ್ತಾಯಿತು.

ಗ್ರಾಹಕದ ಸ್ವರೂಪ

ಮುಂದಿನ ಹತ್ತು ವರ್ಷಗಳಲ್ಲಿ ಈ ಬಾಗಿಲಿನ ರಚನೆಯು ತಿಳಿದುಬಂದಿತು. ರಿಚರ್ಡ್ ಆಂಡರ್ಸನ್‌ರವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದಾಗ, ಗ್ರಾಹಕಗಳು ಜೀವಕೋಶದ ಮೇಲಿನ ಕೆಲವು ಗುಳಿಗಳಲ್ಲಿ ಗುಂಪಾಗಿ ಸೇರಿರುವುದು ಕಂಡಿತು. ಗೋಲವು ಗ್ರಾಹಕಕ್ಕೆ ತಗಲಿದೊಡನೆ ಆ ಗುಳಿಯು ಒಳಕ್ಕೆ ಮಡಿಸಿಕೊಂಡು ಚೀಲವಾಗಿ, ಸರಕನ್ನು ಒಳಗೆ ಒಪ್ಪಿಸುತ್ತದೆ. ಗ್ರಾಹಕವಾದರೋ ಸುಮಾರು ಹತ್ತು ನಿಮಿಷಗಳಲ್ಲಿ ತನ್ನ ಸ್ಥಾನಕ್ಕೆ ಹಿಂದಿರುಗಿ ಮತ್ತೆ ಮುಂದಿನ ಗೋಲಕ್ಕಾಗಿ ಕಾಯುತ್ತದೆ. ಒಬ್ಬ ರೋಗಿಯ ಜೀವಕೋಶಗಳು ಗೋಲವನ್ನು ಹಿಡಿದರೂ ಒಳಕ್ಕೆ ಎಳೆದುಕೊಳ್ಳಲಾರದಿದ್ದುವು. 839 ಅಮೈನೋ ಆಮ್ಲಗಳ ಸರಪಣಿಯಾದ ಈ ಗ್ರಾಹಕದಲ್ಲಿ ಒಂದೇ ಒಂದು ಕೊಂಡಿಯು ಬದಲಾಗಿದ್ದುದೇ ಅದಕ್ಕೆ ಕಾರಣವೆಂದು 1986ರಲ್ಲಿ ತಿಳಿಯಿತು. ಒಂದಕ್ಷರದ ತಪ್ಪಿನಿಂದ ಮಂತ್ರದ ಅರ್ಥವೇ ಕೆಡುವುದೆಂದು ಶಿಕ್ಷಾಶಾಸ್ತ್ರವು ಎಚ್ಚರಿಸುವ ಹಾಗೆ, ಶರೀರದ ಲಿಪಿಯಲ್ಲಿಯೂ ಒಂದಕ್ಷರಕ್ಕೆ ಪ್ರಾಣದ ಬೆಲೆಯುಂಟು.

ಜಪಾನಿನ ಕೋಬೆ ನಗರದ ಯೋಷಿಯೋ ವಟನಬೆಯವರು, ಹುಟ್ಟಿನಿಂದಲೇ ರಕ್ತದಲ್ಲಿ ಕೊಲೆಸ್ಟೆರಾಲ್ ಹೆಚ್ಚಾಗಿದ್ದ ಒಂದು ಮೊಲವನ್ನು 1973ರಲ್ಲಿ ಕಂಡು ಅದರ ಸಂತತಿಯನ್ನು ಬೆಳೆಸಿದ್ದರು. ಆ ಮೊಲಗಳಲ್ಲಿಯೂ ಇದೇ ಗ್ರಾಹಕದ ದೋಷವೆಂದು ಗೊತ್ತಾಗಲು, ರೋಗವನ್ನು ಇಡೀ ಶರೀರದಲ್ಲಿ ಪರೀಕ್ಷಿಸುವ ಸೌಕರ್ಯವು ದೊರೆಯಿತು. ಗ್ರಾಹಕಗಳ ಹೆಚ್ಚಿನ ಪಾಲು ಯಕೃತ್ತಿನಲ್ಲಿಯೇ ಇರುವುದೂ ತಿಳಿಯಿತು. 1984ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಥಾಮಸ್ ಸ್ಟಾರ್ಜಲ್‌ರವರು ಆರು ವರ್ಷದ ರೋಗಿ ಬಾಲಿಕೆಗೆ ಹೊಸ ಹೃದಯದೊಡನೆ ಹೊಸ ಯಕೃತ್ತನ್ನೂ ಜೋಡಿಸಲು, 1000 ಮಿಲಿಗ್ರಾಮಿಗೂ ಮಿಕ್ಕಿದ್ದ ಕೊಲೆಸ್ಟೆರಾಲ್ 300ರ ಸುಮಾರಿಗೆ ಇಳಿಯಿತು. ಗಾಜಿನ ಪಾತ್ರೆಯಲ್ಲಿ ಕಂಡ ಸಿದ್ಧಾಂತಕ್ಕೆ ಮನುಷ್ಯಶರೀರವೇ ಸಾಕ್ಷಿ ನುಡಿದಂತಾಯಿತು. 1985ರಲ್ಲಿ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್‌ರವರಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು.

ಔಷಧದ ಆಗಮನ

ಕಾರಣವು ತಿಳಿದ ಮೇಲೆ ಪರಿಹಾರದ ಮಾತು. ಇದರ ಬೀಜವನ್ನು ಬಿತ್ತಿದವರು ಜಪಾನಿನ ಅಕಿತಾ ಪ್ರಾಂತದ ರೈತಕುಟುಂಬದಲ್ಲಿ 1933ರಲ್ಲಿ ಹುಟ್ಟಿದ ಅಕಿರಾ ಎಂಡೋರವರು. ಬೂಷ್ಟುಗಳಲ್ಲಿ ಕೆಲವು ತಮ್ಮ ಶತ್ರುಗಳಾದ ಸೂಕ್ಷ್ಮಜೀವಿಗಳ ಕೊಲೆಸ್ಟೆರಾಲ್ ಜಾತಿಯ ಪದಾರ್ಥದ ಉತ್ಪತ್ತಿಯನ್ನು ತಡೆಯುವ ವಸ್ತುವನ್ನು ಸೃಷ್ಟಿಸುತ್ತಿರಬಹುದೆಂದು ಊಹಿಸಿ, 1971ರಿಂದ ಸುಮಾರು 6000 ಬೂಷ್ಟುಗಳನ್ನು ಅವರು ಪರೀಕ್ಷಿಸಿದರು. ಕಡೆಗೆ ಕ್ಯೋಟೋ ನಗರದ ಧಾನ್ಯದಂಗಡಿಯ ಅಕ್ಕಿಯ ಮೇಲಿದ್ದ ಒಂದು ಬೂಷ್ಟಿನಿಂದ, ರಿಡಕ್ಟೇಸ್ ಕಿಣ್ವವನ್ನು ತಡೆಯುವ ಕಾಂಪ್ಯಾಕ್ಟಿನ್ ಎಂಬ ವಸ್ತುವು ದೊರೆಯಿತು. ಅನಿಚ್ಕೋವ್‌ರವರ ಕಾಲದಲ್ಲಿ ದಾರಿತಪ್ಪಿಸಿದ ಇಲಿಗಳು ಇಲ್ಲಿಯೂ ದಾರಿತಪ್ಪಿಸಿದುವು. ಅವುಗಳ ರಕ್ತದಲ್ಲಿ ಕೊಲೆಸ್ಟೆರಾಲ್ ಇಳಿಯಲಿಲ್ಲ. ಎಂಡೋರವರು ಧೃತಿಗೆಡದೆ ಕೋಳಿಗಳಿಗೆ ಕೊಟ್ಟುನೋಡಲು ಫಲವು ಕಾಣಿಸಿತು. ನಾಯಿಗಳಿಗೆ ಹಾನಿಯಾಗುವುದೆಂಬ ಶಂಕೆಯಿಂದ ಕಾಂಪ್ಯಾಕ್ಟಿನ್ನಿನ ಪ್ರಯೋಗವು 1980ರಲ್ಲಿ ನಿಂತುಹೋದರೂ, ಅದೇ ಜಾತಿಯ ಲೋವಾಸ್ಟ್ಯಾಟಿನ್ ಎಂಬ ಔಷಧವು 1987ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಯಿತು. ಎಂಡೋರವರು 2024ರಲ್ಲಿ ತೀರಿಕೊಂಡರು.

ಈ ಔಷಧವು ಕೆಲಸ ಮಾಡುವ ಬಗೆಯನ್ನು ವಿವರಿಸಿದವರು ಡಲ್ಲಾಸಿನ ಪಂಡಿತರೇ. ಕಿಣ್ವವನ್ನು ತಡೆದರೆ ಯಕೃತ್ತಿನಲ್ಲಿ ಕೊಲೆಸ್ಟೆರಾಲಿನ ಕೊರತೆಯಾಗುತ್ತದೆ. ಆ ಕೊರತೆಯನ್ನು ತುಂಬಿಕೊಳ್ಳಲು ಯಕೃತ್ತು ಹೆಚ್ಚು ಗ್ರಾಹಕಗಳನ್ನು ಹೊರಪೊರೆಗೆ ಕಳುಹಿಸಿ ರಕ್ತದಿಂದ ಸರಕನ್ನು ಸೆಳೆದುಕೊಳ್ಳುತ್ತದೆ. ಒಳಗೆ ತಯಾರಿಕೆ ನಿಂತಾಗ ಮನೆಯವರು ಬಾಗಿಲುಗಳನ್ನು ಹೆಚ್ಚಿಸಿದಂತೆ ಇದು. ಒಂದು ಕಡೆಯಿಂದ ಮಾತ್ರ ದೋಷ ಪಡೆದವರಲ್ಲಿ ಒಂದು ಒಳ್ಳೆಯ ವಂಶವಾಹಿಯು ಉಳಿದಿರುವುದರಿಂದ, ಅದನ್ನು ಹೀಗೆ ಪ್ರಚೋದಿಸಿ ನ್ಯೂನತೆಯನ್ನು ಬಹುಮಟ್ಟಿಗೆ ತುಂಬಬಹುದು. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯದ ಪರೀಕ್ಷೆಯಲ್ಲಿ 4444 ಮಂದಿ ಹೃದ್ರೋಗಿಗಳನ್ನು ಎರಡು ಪಂಗಡ ಮಾಡಿ ನೋಡಲಾಗಿ, ಸಿಮ್ವಾಸ್ಟ್ಯಾಟಿನ್ ಪಡೆದವರಲ್ಲಿ ಮರಣವು ನೂರಕ್ಕೆ 30ರಷ್ಟು ಕಡಿಮೆಯಾಗಿದ್ದಿತು. ವಂಶದೋಷವುಳ್ಳ ವಿರಳರಿಗಾಗಿ ಹೊರಟ ವಿಚಾರವು ಹೀಗೆ ಸರ್ವಸಾಧಾರಣರಾದ ರೋಗಿಗಳಿಗೂ ಉಪಕಾರಿಯಾಯಿತು.

ಶಿಷ್ಯಪರಂಪರೆ

ವಿದ್ಯೆಯು ಗುರುವಿನಲ್ಲಿಯೇ ನಿಂತರೆ ನಿಂತ ನೀರು. ಶಿಷ್ಯನಲ್ಲಿ ಹರಿದರೆ ಹೊಳೆ. ಹೆಲೆನ್ ಹಾಬ್ಸ್‌ರವರು ಬ್ರೌನ್ ಮತ್ತು ಗೋಲ್ಡ್‌ಸ್ಟೈನ್‌ರವರ ಪ್ರಯೋಗಾಲಯದಲ್ಲಿ ಶಿಕ್ಷಣ ಪಡೆದು, ಜೊನಾಥನ್ ಕೋಹೆನ್‌ರವರೊಡನೆ ಸೇರಿ ಹೊಸ ಮಾರ್ಗವನ್ನು ತೆರೆದರು. ರೋಗಿಗಳನ್ನು ಮಾತ್ರ ನೋಡದೆ ಒಂದು ಊರಿನ ಸಾಧಾರಣ ಜನರನ್ನೇ ಪರೀಕ್ಷಿಸಬೇಕೆಂಬುದು ಅವರ ಮತ. ಅದಕ್ಕಾಗಿ 2000ದಲ್ಲಿ ಆರಂಭವಾದ ಡಲ್ಲಾಸ್ ಹೃದಯಪರೀಕ್ಷೆಯಲ್ಲಿ ಕರಿಯರು, ಬಿಳಿಯರು, ಸ್ಪ್ಯಾನಿಷ್ ಮೂಲದವರು ಮೊದಲಾದ ಸಾವಿರಾರು ಮಂದಿ ಪಾಲುಗೊಂಡರು.

2003ರಲ್ಲಿ ಪ್ಯಾರಿಸಿನ ಕ್ಯಾಥರೀನ್ ಬ್ವಾಲೋ, ಮರಿಯಾನ್ ಅಬಿಫಾದೆಲ್ ಇವರೂ ಮಾಂಟ್ರಿಯಾಲಿನ ನಬಿಲ್ ಸೈದಾರವರೂ, ಕೆಲವು ಫ್ರೆಂಚ್ ಕುಟುಂಬಗಳ ರೋಗಕ್ಕೆ ಪಿಸಿಎಸ್‌ಕೆ9 ಎಂಬ ಬೇರೊಂದು ವಂಶವಾಹಿಯು ಕಾರಣವೆಂದು ತೋರಿಸಿದರು. ಇದರಿಂದ ಹುಟ್ಟುವ ಪ್ರೋಟೀನು ಗ್ರಾಹಕಗಳನ್ನು ನಾಶಪಡಿಸುತ್ತದೆ. ಅದರ ಬಲವು ಹೆಚ್ಚಾದ ಕುಟುಂಬಗಳಲ್ಲಿ ಬಾಗಿಲುಗಳು ಕಡಿಮೆಯಾಗಿ ರೋಗವುಂಟಾಗುತ್ತದೆ. ಇದು ಅನ್ವಯ. ಹಾಗಾದರೆ ಅದರ ಬಲವು ಕುಂದಿದವರಿಗೆ ರೋಗವೂ ಕಡಿಮೆಯಾಗಿರಬೇಕಲ್ಲವೆ? ಈ ವ್ಯತಿರೇಕವನ್ನು ಹುಡುಕಿದವರು ಹಾಬ್ಸ್ ಮತ್ತು ಕೋಹೆನ್‌ರವರು. 2005ರಲ್ಲಿ ಅವರು, ಡಲ್ಲಾಸಿನ ಕರಿಯರಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಈ ವಂಶವಾಹಿಯ ಒಂದು ಪ್ರತಿಯು ನಿಷ್ಫಲವಾಗಿದ್ದು, ಅವರ ಎಲ್‌ಡಿಎಲ್ ಇತರರದಕ್ಕಿಂತ ಬಹಳ ಕಡಿಮೆಯಾಗಿರುವುದನ್ನು ಕಂಡರು. 2006ರಲ್ಲಿ, ಹದಿನೈದು ವರ್ಷಗಳ ಕಾಲ ಪರೀಕ್ಷಿಸಲ್ಪಟ್ಟ ಮತ್ತೊಂದು ಜನಸಮೂಹದಲ್ಲಿ ಇಂಥವರನ್ನು ಗುರುತಿಸಿದಾಗ, ಅವರ ಎಲ್‌ಡಿಎಲ್ ನೂರಕ್ಕೆ 28ರಷ್ಟು ಕಡಿಮೆ, ಹೃದ್ರೋಗವಾದರೋ ನೂರಕ್ಕೆ 88ರಷ್ಟು ಕಡಿಮೆ! ಹುಟ್ಟಿದಂದಿನಿಂದ ಕೊಂಚವೇ ಕಡಿಮೆಯಿದ್ದರೂ ಜೀವಮಾನದಲ್ಲಿ ಅದರ ಫಲವು ಎಷ್ಟು ಮಹತ್ತಾದುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಡ. ಎರಡು ಪ್ರತಿಗಳೂ ನಿಷ್ಫಲವಾದ ಒಬ್ಬ ಸ್ತ್ರೀಯ ಎಲ್‌ಡಿಎಲ್ 14 ಮಿಲಿಗ್ರಾಮು ಮಾತ್ರವಿದ್ದು, ಆಕೆಯು ಪೂರ್ಣ ಆರೋಗ್ಯವಂತೆಯಾಗಿದ್ದಳು. ಆದುದರಿಂದ ಈ ಪ್ರೋಟೀನನ್ನು ತಡೆಯುವುದು ಹಾನಿಕರವಲ್ಲವೆಂಬ ಧೈರ್ಯವುಂಟಾಗಿ, ಅದನ್ನು ತಡೆಯುವ ಚುಚ್ಚುಮದ್ದುಗಳು 2015ರಲ್ಲಿ ಬಳಕೆಗೆ ಬಂದುವು.

ಇದೇ ಜನಸಮೂಹದ ಯಕೃತ್ತುಗಳನ್ನು ಪರೀಕ್ಷಿಸಿದಾಗ ಮೂವರಲ್ಲಿ ಸುಮಾರು ಒಬ್ಬರಿಗೆ ಅಲ್ಲಿ ಮೇದಸ್ಸು ಮಿತಿಮೀರಿ ಸೇರಿರುವುದು 2004ರಲ್ಲಿ ಕಂಡುಬಂದಿತು. ಸ್ಪ್ಯಾನಿಷ್ ಮೂಲದವರಲ್ಲಿ ಇದು ಅತಿ ಹೆಚ್ಚು, ಕರಿಯರಲ್ಲಿ ಅತಿ ಕಡಿಮೆ. 2008ರಲ್ಲಿ ಹಾಬ್ಸ್‌ರವರ ತಂಡವು ಪಿಎನ್‌ಪಿಎಲ್‌ಎ3 ಎಂಬ ವಂಶವಾಹಿಯ ಒಂದು ವ್ಯತ್ಯಾಸವೇ ಇದಕ್ಕೆ ಬಲವಾದ ಕಾರಣಗಳಲ್ಲೊಂದೆಂದು ತೋರಿಸಿತು. ಸ್ಥೂಲಕಾಯದವರಲ್ಲಿ ಈ ವ್ಯತ್ಯಾಸದ ಕೇಡು ಇನ್ನೂ ಹೆಚ್ಚುವುದೆಂಬುದು ಮುಂದಿನ ಶೋಧನೆಗಳಿಂದ ತಿಳಿಯಿತು. ಬೀಜವೊಂದೇ ರೋಗವಲ್ಲ, ಆಹಾರವಿಹಾರವೆಂಬ ಹೊಲವೂ ಅದಕ್ಕೆ ಕೂಡಬೇಕು ಎಂಬ ತತ್ತ್ವವು ಇಲ್ಲಿ ಸ್ಪಷ್ಟವಾಗುತ್ತದೆ.

ಉಪಸಂಹಾರ

ಈ ಚರಿತ್ರೆಯಿಂದ ಪೂರ್ವಪಕ್ಷವು ಅರ್ಧ ಸತ್ಯವೆಂದು ಸಿದ್ಧವಾಗುತ್ತದೆ. ವಂಶದಿಂದ ದೋಷವು ಬರುವುದು ನಿಜ; ಆದರೆ ಬಂದ ದೋಷವು ಫಲಿಸಿಯೇ ತೀರಬೇಕೆಂಬುದು ನಿಜವಲ್ಲ. ಎರಡೂ ಕಡೆಯಿಂದ ದೋಷ ಪಡೆದ ಮಕ್ಕಳ ಚಿಕಿತ್ಸೆಯು ಇನ್ನೂ ಕಠಿನವಾದುದೇ. ರಕ್ತವನ್ನು ಯಂತ್ರದಿಂದ ಶೋಧಿಸುವುದು, ಗ್ರಾಹಕದ ಸಹಾಯವಿಲ್ಲದೆಯೇ ಕೆಲಸ ಮಾಡುವಂತಹದಾಗಿ 2021ರಲ್ಲಿ ಅಂಗೀಕೃತವಾದ ಎವಿನಾಕುಮ್ಯಾಬ್ ಔಷಧ, ಇವು ಅವರಿಗೆ ಆಧಾರವಾಗಿವೆ. ಒಂದು ಕಡೆಯಿಂದ ಪಡೆದವರಿಗಾದರೋ, ದೋಷವು ಸಕಾಲದಲ್ಲಿ ತಿಳಿದರೆ, ಪೂರ್ಣಾಯುಷ್ಯದ ಆಶೆಯು ಇಂದು ದುರಾಶೆಯಲ್ಲ.

ಆದರೆ ತಿಳಿಯಬೇಕಾದರೆ ಪರೀಕ್ಷೆಯಾಗಬೇಕು. ಈ ದೋಷವು ಹಿಂದೆ ಐನೂರರಲ್ಲಿ ಒಬ್ಬರಿಗಿರುವುದೆಂದು ಎಣಿಸಲಾಗಿದ್ದಿತು. ಈಚಿನ ಗಣನೆಗಳಂತೆ ಮುನ್ನೂರು ಮಂದಿಗೆ ಒಬ್ಬರಿಗಾದರೂ ಇರುವುದು. ಹೆಚ್ಚಿನವರಿಗೆ ತಮ್ಮಲ್ಲಿ ಅದು ಇರುವ ಸುದ್ದಿಯೇ ಇಲ್ಲ. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವವು ಅರ್ಧಕ್ಕರ್ಧ. ಆದುದರಿಂದ ಮನೆತನದಲ್ಲಿ ಯಾರಾದರೂ ನಡುಹರೆಯದಲ್ಲಿಯೇ ಹೃದಯಾಘಾತದಿಂದ ತೀರಿಕೊಂಡಿದ್ದರೆ, ಹಣೆಬರಹವೆಂದು ಕೈಕಟ್ಟಿ ಕೂಡದೆ, ಉಳಿದವರು ತಮ್ಮ ರಕ್ತವನ್ನೂ ಮಕ್ಕಳ ರಕ್ತವನ್ನೂ ವೈದ್ಯರಿಂದ ಒಮ್ಮೆ ಪರೀಕ್ಷೆ ಮಾಡಿಸುವುದು ಗೃಹಸ್ಥರ ಕರ್ತವ್ಯ. ಹಿರಿಯರು ಬಿಟ್ಟುಹೋದ ಸಾಲವನ್ನು ಲೆಕ್ಕ ನೋಡಿ ತೀರಿಸುವವನು ಜಾಣ. ಲೆಕ್ಕವನ್ನೇ ತೆರೆಯದೆ ಹೆದರುವವನು ಅದನ್ನು ಮಕ್ಕಳ ತಲೆಗೆ ಕಟ್ಟುತ್ತಾನೆ. ಓಸ್ಲೋ, ಬೈರೂತ್, ಡಲ್ಲಾಸ್, ಕ್ಯೋಟೋ, ಪ್ಯಾರಿಸ್ ಹೀಗೆ ದೂರದೂರದ ನಗರಗಳ ಪಂಡಿತರು ಎಂಬತ್ತು ವರ್ಷಗಳಿಗೂ ಮಿಕ್ಕಿದ ಪರಿಶ್ರಮದಿಂದ ಈ ಲೆಕ್ಕದ ಪುಸ್ತಕವನ್ನು ಬಿಡಿಸಿ ಲೋಕದ ಮುಂದಿಟ್ಟಿದ್ದಾರೆ. ಅದನ್ನು ಓದಿ ಪ್ರಯೋಜನ ಪಡೆಯುವುದು ಮಾತ್ರ ಆಯಾ ಮನೆಯವರ ಪಾಲಿಗೆ ಉಳಿದ ಕಾರ್ಯ.